ಒಂದಗುಳು ಸುಳ್ಳು ಹೇಳಿದಾಗ: ಸ್ಯಾಂಪಲ್ ನೋಡಿ ಮಾಡಿದ ತೀರ್ಮಾನ ಕೈಕೊಟ್ಟರೆ ತಪ್ಪು ಹುಡುಕುವುದು ಹೇಗೆ

ಅನ್ನ ಬೆಂದಿದೆಯಾ ಅಂತ ನೋಡೋಕೆ ಒಂದಗುಳು ಹಿಸುಕಿದರೆ ಸಾಕು ಅಂತಾರೆ. ಸಂಸ್ಕೃತದಲ್ಲಿ ಇದಕ್ಕೆ ಸ್ಥಾಲೀಪುಲಾಕ ನ್ಯಾಯ ಅಂತ ಹೆಸರೇ ಇದೆ. ನಾನೂ ಹಾಗೇ ನಂಬಿಕೊಂಡಿದ್ದೆ. ನಮ್ಮ ಮನೆಯ ಒಂದು ಮದುವೆಯಲ್ಲಿ ಅಡುಗೆ ಭಟ್ಟರು ಅನ್ನದ ಕೊಪ್ಪರಿಗೆ ಮುಂದೆ ನಿಂತಿದ್ದನ್ನು ನೋಡಿದ ಮೇಲೆ ಸ್ವಲ್ಪ ಯೋಚನೆ ಬಂತು. ಅವರು ಒಂದಗುಳು ಹಿಸುಕಲಿಲ್ಲ. ಉದ್ದ ಹಿಡಿಯ ಸಟ್ಟುಗವನ್ನು ತಳದವರೆಗೆ ಇಳಿಸಿ ಒಂದು ಸುತ್ತು ತಿರುವಿದರು. ಆಮೇಲೆ ನಡುವಿನಿಂದ ನಾಲ್ಕು ಅಗುಳು ತೆಗೆದರು, ಅಂಚಿನಿಂದ ನಾಲ್ಕು. ಯಾಕೆ ಅಂದರೆ, ಸೌದೆ ಒಲೆಯಲ್ಲಿ ಉರಿ ಯಾವತ್ತೂ ಒಂದೇ ಸಮ ಇರುವುದಿಲ್ಲವಂತೆ. ಒಂದು ಕಡೆ ಮುದ್ದೆಯಾಗಿದ್ದರೆ ಇನ್ನೊಂದು ಕಡೆ ಅಕ್ಕಿ ಇನ್ನೂ ಗಟ್ಟಿ ಇರುತ್ತದೆ.

ಮನೆಯ ಪಾತ್ರೆಯಲ್ಲಿ ಒಂದಗುಳು ಸಾಕಾಗುತ್ತದಲ್ಲ, ಅದು ಅಗುಳಿನ ಮಹಿಮೆ ಅಲ್ಲ. ಕುದಿಯುವ ನೀರು ಅಕ್ಕಿಯನ್ನು ಮೇಲೆ ಕೆಳಗೆ ತಿರುವುತ್ತಲೇ ಇರುತ್ತದೆ. ಕೆಲಸ ಮಾಡುವುದು ಆ ಕಲಕಾಟ.

ಸ್ವಲ್ಪ ನೋಡಿ ಪೂರ್ತಿಯ ಬಗ್ಗೆ ಹೇಳುವ ಕೆಲಸವನ್ನು ನಾವು ದಿನವೂ ಮಾಡುತ್ತೇವೆ. ಬುಟ್ಟಿಯ ಮೇಲಿನ ಮಾವು ನೋಡಿ ಬುಟ್ಟಿ ಕೊಳ್ಳುತ್ತೇವೆ, ನಾಲ್ಕು ಜನರನ್ನು ಕೇಳಿ ಮಗನನ್ನು ಕಾಲೇಜಿಗೆ ಸೇರಿಸುತ್ತೇವೆ. ಬಹಳ ಸಲ ಸರಿಯಾಗುತ್ತದೆ. ಕೆಲವೊಮ್ಮೆ ಕೈಕೊಡುತ್ತದೆ. ಕೈಕೊಟ್ಟಾಗ ಏನು ನೋಡಬೇಕು ಅನ್ನುವುದು ಈ ಬರಹ. ಗಾಡಿ ಸ್ಟಾರ್ಟ್ ಆಗದಿದ್ದರೆ ಮೊದಲು ಪೆಟ್ರೋಲ್ ಇದೆಯಾ ನೋಡುತ್ತೇವೆ, ಇಂಜಿನ್ ಬಿಚ್ಚುವುದಿಲ್ಲ ಅಲ್ವಾ? ಹಾಗೇ ಇಲ್ಲೂ ಖರ್ಚಿಲ್ಲದ ತಪಾಸಣೆ ಮೊದಲು.

ಎಚ್ಚರಿಕೆ: ನಿಮ್ಮ ತೀರ್ಮಾನ ತಪ್ಪಾದರೆ ಜೀವಕ್ಕೇ ಅಪಾಯ ಅನ್ನುವಂಥ ವಿಷಯವಾದರೆ (ತಿನ್ನುವುದು, ಕುಡಿಯುವುದು, ಕರೆಂಟು, ಔಷಧಿ) ನಡುವಿನದೆಲ್ಲ ಬಿಟ್ಟು ಸೀದಾ "ಇಷ್ಟು ದಿನ ಏನೂ ಆಗಿರಲಿಲ್ಲ" ಅನ್ನುವ ಭಾಗಕ್ಕೆ ಹೋಗಿ.

ಲಕ್ಷಣ: "ಕೇಳಿದವರೆಲ್ಲ ಒಂದೇ ಮಾತು ಹೇಳಿದ್ದರು, ಆದರೆ ಆಗಿದ್ದೇ ಬೇರೆ"

ಇದು ಎಲ್ಲಕ್ಕಿಂತ ಸಾಮಾನ್ಯ ತೊಂದರೆ. ತಪಾಸಣೆಗೆ ಒಂದು ಪೈಸೆಯೂ ಬೇಡ. ಒಂದೇ ಪ್ರಶ್ನೆ ಹಾಕಿಕೊಳ್ಳಿ: ಈ ಸ್ಯಾಂಪಲ್ ನನ್ನ ಕೈಗೆ ಹೇಗೆ ಬಂತು?

ಎಪಿಎಂಸಿ ಯಾರ್ಡಿನಲ್ಲಿ ಕಾಳು ಕೊಳ್ಳುವವರನ್ನು ಗಮನಿಸಿ. ಚೀಲದ ಬಾಯಿ ಬಿಚ್ಚಿ ಮೇಲಿನ ಕಾಳನ್ನಷ್ಟೇ ನೋಡಿ ರೇಟು ಹೇಳುವವರು ಕಡಿಮೆ. ಮೊನಚಾದ ಕೊಳವೆಯೊಂದನ್ನು ಚೀಲದ ಹೊಟ್ಟೆಗೆ ಚುಚ್ಚುತ್ತಾರೆ. ಕಾಳು ಕೊಳವೆಯಲ್ಲಿ ಜಾರಿ ಅಂಗೈಗೆ ಬೀಳುತ್ತದೆ. ಮೇಲಿನ ಕಾಳು ರೈತ ತೋರಿಸಬೇಕು ಅಂತ ಇಟ್ಟಿದ್ದು. ಹೊಟ್ಟೆಯ ಕಾಳು ವ್ಯಾಪಾರಿ ತಾನೇ ಆರಿಸಿಕೊಂಡಿದ್ದು. ಇವೆರಡಕ್ಕೂ ಇರುವ ವ್ಯತ್ಯಾಸ ಅವರಿಗೆ ಚೆನ್ನಾಗಿ ಗೊತ್ತು.

ದೊಡ್ಡ ಸ್ಯಾಂಪಲ್ ಇದ್ದರೆ ಇದೆಲ್ಲ ಸರಿಹೋಗುತ್ತದೆ ಅಂತ ಅನಿಸಬಹುದು. ಹೋಗುವುದಿಲ್ಲ. 1936ರಲ್ಲಿ ಅಮೆರಿಕದ ಅಧ್ಯಕ್ಷ ಚುನಾವಣೆಗೆ ಮುಂಚೆ ಲಿಟರರಿ ಡೈಜೆಸ್ಟ್ ಅನ್ನುವ ಪತ್ರಿಕೆ ಸುಮಾರು ಒಂದು ಕೋಟಿ ಜನಕ್ಕೆ ಕಾಗದ ಹಾಕಿ ನಿಮ್ಮ ಓಟು ಯಾರಿಗೆ ಅಂತ ಕೇಳಿತು. ವಾಪಸ್ ಬಂದ ಉತ್ತರಗಳೇ ಸುಮಾರು 24 ಲಕ್ಷ. ಆಗಿನ ಅಧ್ಯಕ್ಷ ರೂಸ್‌ವೆಲ್ಟ್ ಎದುರು ನಿಂತಿದ್ದ ಲ್ಯಾಂಡನ್‌ಗೆ ಶೇ. 57 ಅಂತ ಪತ್ರಿಕೆ ಬರೆಯಿತು. ಎಣಿಕೆಯ ದಿನ ರೂಸ್‌ವೆಲ್ಟ್ ಶೇ. 60ಕ್ಕಿಂತ ಜಾಸ್ತಿ ಓಟು ಪಡೆದರು, ಲ್ಯಾಂಡನ್ ಗೆದ್ದಿದ್ದು ಎರಡೇ ರಾಜ್ಯ. ಪತ್ರಿಕೆ ವಿಳಾಸಗಳನ್ನು ತೆಗೆದುಕೊಂಡಿದ್ದು ಹೆಚ್ಚಾಗಿ ಫೋನ್ ಡೈರೆಕ್ಟರಿ ಮತ್ತು ಕಾರು ನೋಂದಣಿ ಪಟ್ಟಿಗಳಿಂದ. ಆರ್ಥಿಕ ಕುಸಿತದ ಆ ಕಷ್ಟದ ಕಾಲದಲ್ಲಿ ಫೋನು, ಕಾರು ಇದ್ದವರು ಅನುಕೂಲಸ್ಥರು. ಜೊತೆಗೆ, ಕಾಗದಕ್ಕೆ ಉತ್ತರ ಬರೆಯುವಷ್ಟು ರೂಸ್‌ವೆಲ್ಟ್ ಮೇಲೆ ಸಿಟ್ಟಿದ್ದವರೇ ಹೆಚ್ಚಾಗಿ ಬರೆದರು. ಅದೇ ವರ್ಷ ಜಾರ್ಜ್ ಗ್ಯಾಲಪ್ ಅನ್ನುವ ಸಮೀಕ್ಷೆಗಾರ ಸುಮಾರು 50,000 ಜನರನ್ನು ಕೇಳಿ ರೂಸ್‌ವೆಲ್ಟ್ ಗೆಲ್ಲುತ್ತಾರೆ ಅಂದಿದ್ದರು.

ನಿಮ್ಮ ವಾಟ್ಸಾಪ್ ಗ್ರೂಪೂ ಹೀಗೇ. 200 ಜನ ಇದ್ದರೂ ಅವರೆಲ್ಲ ನಿಮ್ಮ ಬ್ಯಾಚಿನವರು, ನಿಮ್ಮ ಏರಿಯಾದವರು. ಅದರಲ್ಲೂ ಮಾತಾಡುವವರು ಹತ್ತು ಜನ.

ಸರಿಪಡಿಸುವುದು: ಇನ್ನಷ್ಟು ಜನರನ್ನು ಕೇಳಬೇಡಿ. ಬೇರೆ ಥರದ ಜನರನ್ನು ಕೇಳಿ. ಕಾಲೇಜಿನ ಬಗ್ಗೆ ತಿಳಿಯಬೇಕಾ? ಬ್ರೋಷರ್‌ನಲ್ಲಿ ಫೋಟೋ ಇರುವವರನ್ನು ಬಿಡಿ. ಗೇಟಿನ ಹೊರಗೆ ಟೀ ಅಂಗಡಿಯಲ್ಲಿ ಎದುರು ಸಿಕ್ಕ ಪ್ರತಿ ಐದನೆಯ ಹುಡುಗನನ್ನು ಮಾತಾಡಿಸಿ. ನಗುಮುಖ ನೋಡಿ ಆರಿಸಬೇಡಿ, ಎಣಿಸಿ ಆರಿಸಿ. ಅದು ನಿಮ್ಮ ಸಟ್ಟುಗ.

ಲಕ್ಷಣ: "ಈ ಸಲ ಒಂದು ಉತ್ತರ, ಮುಂದಿನ ಸಲ ಇನ್ನೊಂದು"

ಇದು ಸ್ಯಾಂಪಲ್ ಸಣ್ಣದಾಗಿರುವ ಗುರುತು. ಎಸ್ಸೆಸ್ಸೆಲ್ಸಿ ರಿಸಲ್ಟ್ ದಿನ ಪೇಪರಿನಲ್ಲಿ "ಶೇ. 100 ಫಲಿತಾಂಶ" ಅಂತ ಬರುವ ಶಾಲೆಗಳಲ್ಲಿ ಮಕ್ಕಳೆಷ್ಟು ಅಂತ ನೋಡಿ. ಲೆಕ್ಕ ಹಾಕೋಣ. ಎಲ್ಲ ಶಾಲೆಗಳೂ ಒಂದೇ ಸಮ, ಪ್ರತಿ ಮಗುವೂ ಪಾಸಾಗುವ ಸಾಧ್ಯತೆ ಶೇ. 80 ಅಂದುಕೊಳ್ಳಿ. 8 ಮಕ್ಕಳಿರುವ ಶಾಲೆಗಳಲ್ಲಿ ಸುಮಾರು ಆರಕ್ಕೊಂದರಲ್ಲಿ ಎಲ್ಲರೂ ಪಾಸಾಗಿರುತ್ತಾರೆ. ಸುಮಾರು ಹದಿನೆಂಟಕ್ಕೊಂದರಲ್ಲಿ ಅರ್ಧ ಅಥವಾ ಅದಕ್ಕಿಂತ ಕಡಿಮೆ ಮಕ್ಕಳು ಪಾಸಾಗಿರುತ್ತಾರೆ. ಎರಡೂ ಬರೀ ಅದೃಷ್ಟ. ಮೊದಲಿನದಕ್ಕೆ ಹಾರ ಹಾಕುತ್ತೇವೆ, ಎರಡನೆಯದಕ್ಕೆ ನೋಟಿಸ್ ಕೊಡುತ್ತೇವೆ. 200 ಮಕ್ಕಳಿರುವ ಶಾಲೆ ಇದೇ ಲೆಕ್ಕದಲ್ಲಿ ಬಹುತೇಕ 74 ಮತ್ತು 86ರ ನಡುವೆಯೇ ಇರುತ್ತದೆ.

ಕೈಲೆಕ್ಕಕ್ಕೆ ಇಷ್ಟು ನೆನಪಿಡಿ. ಹೌದು-ಇಲ್ಲ ಥರದ ಪ್ರಶ್ನೆಗೆ ಚೆನ್ನಾಗಿ ಕಲಕಿ ತೆಗೆದ 100 ಜನರ ಸ್ಯಾಂಪಲ್ ಕೊಡುವ ಉತ್ತರ ಸುಮಾರು 10 ಶೇಕಡಾ ಅಂಶ ಆಚೀಚೆ ಇರಬಹುದು. 400 ಜನ ಆದರೆ 5 ಅಂಶ, 1,000 ಆದರೆ 3. ಅಂದರೆ ನಿಖರತೆ ದುಪ್ಪಟ್ಟಾಗಬೇಕಾದರೆ ಸ್ಯಾಂಪಲ್ ನಾಲ್ಕು ಪಟ್ಟಾಗಬೇಕು. 10 ಜನರನ್ನು ಕೇಳಿದ್ದರೆ ಸುಮ್ನೆ ಶೇಕಡಾವಾರು ಹೇಳಲೇಬೇಡಿ. "ಹತ್ತರಲ್ಲಿ ಆರು ಜನ" ಅನ್ನಿ, ಕೇಳುವವರಿಗೆ ತಾನಾಗೇ ಅರ್ಥವಾಗುತ್ತದೆ.

ಇಲ್ಲಿ ಒಂದು ತಪ್ಪು ಕಲ್ಪನೆ ಇದೆ. ಊರು ದೊಡ್ಡದಾದಷ್ಟೂ ಸ್ಯಾಂಪಲ್ ದೊಡ್ಡದಾಗಬೇಕು ಅಂತ ಜನ ಅಂದುಕೊಳ್ಳುತ್ತಾರೆ. ಸಾರಿಗೆ ಉಪ್ಪು ಸಾಕಾ ಅಂತ ನೋಡೋಕೆ ಮನೆಯ ಪಾತ್ರೆಗೂ ಒಂದು ಚಮಚ, ಮದುವೆ ಮನೆಯ ಕೊಪ್ಪರಿಗೆಗೂ ಒಂದು ಚಮಚ. ಕಲಕಿದ್ದರೆ ಸಾಕು.

ಲಕ್ಷಣ: "ವರದಿ ಒಂದು ಹೇಳುತ್ತದೆ, ಕಣ್ಣಿಗೆ ಕಾಣುವುದು ಇನ್ನೊಂದು"

ಇದು ನನಗೇ ಆಗಿದ್ದು. ಎರಡೆಕರೆ ರಾಗಿ ಹೊಲದ ಮಣ್ಣು ಪರೀಕ್ಷೆಗೆ ಕೊಟ್ಟೆ. ವರದಿ ನೋಡಿದರೆ ಸಾವಯವ ಇಂಗಾಲ ಜಾಸ್ತಿ, ರಂಜಕ ಜಾಸ್ತಿ, ಪೊಟ್ಯಾಷ್ ಜಾಸ್ತಿ. ಗೊಬ್ಬರವೇ ಬೇಡ ಅನ್ನುವಂತಿತ್ತು. ಹೊಲದಲ್ಲಿ ಪೈರು ಮಾತ್ರ ಹಳದಿ ತಿರುಗಿ ಮೊಣಕಾಲೆತ್ತರಕ್ಕೇ ನಿಂತಿತ್ತು. ಲ್ಯಾಬಿನವರು ಯಾರದೋ ಮಣ್ಣು ಅದಲು ಬದಲು ಮಾಡಿದ್ದಾರೆ ಅಂತ ಮನೆಯಲ್ಲಿ ಕೂಗಾಡಿದೆ. ಆಗ ಅಮ್ಮ ಕೇಳಿದರು: "ಮಣ್ಣು ಎಲ್ಲಿಂದ ತಗೊಂಡೆ?" ಬಿಸಿಲು ಅಂತ ನಾನು ಹೊಲದ ಒಳಗೆ ಹೋಗಿರಲೇ ಇಲ್ಲ. ಗೇಟಿನ ಹತ್ತಿರ ಹೊಂಗೆ ಮರದ ನೆರಳಲ್ಲಿ ಎರಡು ಸಲ ಗುದ್ದಲಿ ಹಾಕಿ ಕವರಿಗೆ ತುಂಬಿದ್ದೆ. ಮೂರು ವರ್ಷದ ಹಿಂದಿನವರೆಗೂ ಅಲ್ಲಿ ನಮ್ಮ ತಿಪ್ಪೆ ಇತ್ತು.

ಲ್ಯಾಬು ಸರಿಯಾಗೇ ಹೇಳಿತ್ತು, ತಿಪ್ಪೆಯ ಬಗ್ಗೆ.

ಮಣ್ಣು ತೆಗೆಯುವ ಸರಿಯಾದ ಕ್ರಮವನ್ನು ನಾನು ಆಮೇಲೆ ಕಲಿತೆ. ಸ್ಯಾಂಪಲ್ ತೆಗೆಯುವುದರ ಪೂರ್ತಿ ಪಾಠ ಅದರಲ್ಲೇ ಇದೆ, ಆದ್ದರಿಂದ ಬಿಡಿಸಿ ಬರೆಯುತ್ತೇನೆ. ಬದು, ಮರದ ಬುಡ, ಗೊಬ್ಬರದ ಗುಂಡಿ, ಕಾಲುವೆ ಪಕ್ಕ ಬಿಡಬೇಕು. ಇಡೀ ಹೊಲದಲ್ಲಿ ಅಂಕುಡೊಂಕಾಗಿ ನಡೆಯುತ್ತಾ 10ರಿಂದ 15 ಜಾಗ ಗುರುತು ಮಾಡಬೇಕು. ಪ್ರತಿ ಜಾಗದಲ್ಲೂ ಮೇಲಿನ ಕಸ ಕಡ್ಡಿ ಸರಿಸಿ, ನೇಗಿಲ ಗುಳದ ಆಕಾರಕ್ಕೆ ಅರ್ಧ ಅಡಿ ಆಳದ ಗುಂಡಿ ತೆಗೆದು, ಗುಂಡಿಯ ಗೋಡೆಯಿಂದ ಒಂದಿಂಚು ದಪ್ಪದ ಮಣ್ಣನ್ನು ಮೇಲಿಂದ ಕೆಳಗಿನವರೆಗೆ ಕೆರೆಯಬೇಕು. ಎಲ್ಲವನ್ನೂ ಗೋಣಿ ಮೇಲೆ ಸುರಿದು ಹೆಂಟೆ ಒಡೆದು ಕಲಸಬೇಕು. ಆಮೇಲೆ ರಾಶಿಯನ್ನು ರೊಟ್ಟಿಯ ಹಾಗೆ ತಟ್ಟಿ, ಬೆರಳಲ್ಲಿ ಕೂಡಿಸುವ ಗುರುತು ಎಳೆದು ನಾಲ್ಕು ಭಾಗ ಮಾಡಿ, ಎದುರು ಬದುರಿನ ಎರಡನ್ನು ಬಿಸಾಕಬೇಕು. ಉಳಿದ ಎರಡನ್ನು ಮತ್ತೆ ಕಲಸಿ, ಮತ್ತೆ ತಟ್ಟಿ, ಮತ್ತೆ ನಾಲ್ಕು. ಅರ್ಧ ಕೆಜಿ ಉಳಿಯುವವರೆಗೂ ಇದೇ. ಬಿಸಾಕುವಾಗ ಸ್ವಲ್ಪ ಸಂಕಟ ಆಗುತ್ತದೆ, ಅಷ್ಟು ಕಷ್ಟಪಟ್ಟು ಅಗೆದಿರುತ್ತೇವಲ್ಲ! ಆದರೆ ಲೆಕ್ಕ ನೋಡಿ: ಒಂದೆಕರೆಯ ಮೇಲಿನ ಅರ್ಧ ಅಡಿ ಮಣ್ಣೇ ಸುಮಾರು 9 ಲಕ್ಷ ಕೆಜಿ. ಎರಡೆಕರೆಗೆ 18 ಲಕ್ಷ. ಅಷ್ಟರ ಪರವಾಗಿ ಮಾತಾಡುವುದು ಈ ಅರ್ಧ ಕೆಜಿ. ಹೊಲದ ಒಂದು ಭಾಗ ಕೆಂಪು ಮಣ್ಣು, ಇನ್ನೊಂದು ಕಪ್ಪು ಆಗಿದ್ದರೆ ಎರಡನ್ನೂ ಸೇರಿಸಬೇಡಿ. ಬೇರೆ ಬೇರೆ ಚೀಲ, ಬೇರೆ ಬೇರೆ ವರದಿ.

ದೊಡ್ಡವರೂ ಇಂಥದರಲ್ಲಿ ಎಡವಿದ್ದಾರೆ. 1940ರ ದಶಕದಲ್ಲಿ ಬೆಳೆಯ ಇಳುವರಿ ಅಂದಾಜು ಮಾಡುವ ಬಗ್ಗೆ ನಮ್ಮ ದೇಶದ ಸಂಖ್ಯಾಶಾಸ್ತ್ರಜ್ಞರಾದ ಪಿ.ಸಿ. ಮಹಾಲನೋಬಿಸ್ ಮತ್ತು ಪಿ.ವಿ. ಸುಖಾತ್ಮೆ ಅವರ ನಡುವೆ ಜೋರು ವಾದ ನಡೆಯಿತು. ಹೊಲದಲ್ಲಿ ಸಣ್ಣ ತುಂಡು ಕೊಯ್ದು ತೂಗಬೇಕೋ, ದೊಡ್ಡ ತುಂಡೋ ಅಂತ. ಸಣ್ಣ ತುಂಡಿನಲ್ಲಿ ಇಳುವರಿ ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ ಅಂತ ಸುಖಾತ್ಮೆ ತೋರಿಸಿದರು. ಗೆರೆಯ ಮೇಲೆ ನಿಂತ ಗಿಡವನ್ನು ಕೊಯ್ಯುವವನ ಕೈ ಒಳಕ್ಕೇ ಎಳೆದುಕೊಳ್ಳುತ್ತದೆ. ತುಂಡು ಸಣ್ಣದಾದಷ್ಟೂ ಒಳಗಿನ ಜಾಗಕ್ಕೆ ಹೋಲಿಸಿದರೆ ಗೆರೆ ಜಾಸ್ತಿ. ಮೋಸ ಯಾರದೂ ಇಲ್ಲ, ಕೈಯ ಆಸೆ ಅಷ್ಟೇ.

ಲಕ್ಷಣ: "ಗೆದ್ದವರು ಮಾಡಿದ್ದನ್ನೇ ಮಾಡಿದೆ, ನನಗೆ ಫಲಿಸಲಿಲ್ಲ"

ಬೋರ್‌ವೆಲ್ ಕೊರೆಸಿದವರಿಗೆ ಇದು ಗೊತ್ತು. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಹೊಲದಲ್ಲಿ ನಡೆಯುವವರು ಬರುತ್ತಾರೆ. ಕಾಯಿ ಎದ್ದು ನಿಂತ ಕಡೆ ನೀರು. "ಆ ತೋಟದಲ್ಲಿ ತೋರಿಸಿದ್ದು ನಾನೇ, ಈ ತೋಟದಲ್ಲೂ ನಾನೇ" ಅಂತ ಪಟ್ಟಿ ಹೇಳುತ್ತಾರೆ. ಪಟ್ಟಿ ಸುಳ್ಳಲ್ಲ, ಮೋಟಾರು ಓಡುತ್ತಿರುವುದು ಕಣ್ಣಿಗೇ ಕಾಣುತ್ತದೆ. ಫೇಲಾದ ಬೋರು ಮಾತ್ರ ಕಾಣುವುದಿಲ್ಲ. ಅದರ ಮೇಲೆ ಪೈಪೂ ಇಲ್ಲ, ತೋಟವೂ ಇಲ್ಲ, ಅದರ ಬಗ್ಗೆ ಮಾತಾಡೋಕೆ ಸಾಲ ಮಾಡಿದವರಿಗೆ ಮನಸ್ಸೂ ಇಲ್ಲ.

ತಪಾಸಣೆ ಸುಲಭ. "ಎಷ್ಟು ಕಡೆ ನೀರು ಬಂತು" ಅಂತ ಕೇಳಬೇಡಿ. "ಒಟ್ಟು ಎಷ್ಟು ಕಡೆ ತೋರಿಸಿದಿರಿ, ಎಷ್ಟರಲ್ಲಿ ಬರಲಿಲ್ಲ" ಅಂತ ಕೇಳಿ. ಅದೇ ಊರಲ್ಲಿ ಕಾಯಿ ಇಲ್ಲದೆ ಕೊರೆಸಿದವರಿಗೆ ಎಷ್ಟು ಕಡೆ ಸಿಕ್ಕಿತು ಅಂತಲೂ ವಿಚಾರಿಸಿ. ಈ ಎರಡನೆಯ ಲೆಕ್ಕ ಇಲ್ಲದೆ ಮೊದಲನೆಯದಕ್ಕೆ ಬೆಲೆ ಇಲ್ಲ. (ಹಾಗೆಯೇ, ನಿಮ್ಮ ಹೊಲದಲ್ಲಿ ಫೇಲಾದ ಬೋರು ಇದ್ದರೆ ಇವತ್ತೇ ಗಟ್ಟಿಯಾಗಿ ಮುಚ್ಚಿಸಿ. ಮಕ್ಕಳು ಬಿದ್ದ ಸುದ್ದಿಗಳನ್ನು ನೋಡಿದ್ದೀರಿ.)

ಇದನ್ನು ಎಲ್ಲರಿಗಿಂತ ಚೆನ್ನಾಗಿ ಹಿಡಿದವರು ಸಂಖ್ಯಾಶಾಸ್ತ್ರಜ್ಞ ಅಬ್ರಹಾಂ ವಾಲ್ಡ್. ಎರಡನೆಯ ಮಹಾಯುದ್ಧದಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಒಂದು ತಂಡದಲ್ಲಿದ್ದುಕೊಂಡು, ಗುಂಡೇಟು ತಿಂದು ವಾಪಸ್ ಬಂದ ವಿಮಾನಗಳ ಲೆಕ್ಕ ನೋಡುತ್ತಿದ್ದರು. ಏಟು ಜಾಸ್ತಿ ಬಿದ್ದ ಕಡೆ ರಕ್ಷಣೆ ಹಾಕೋಣ ಅನ್ನುವುದು ಸಹಜವಾದ ಯೋಚನೆ. ವಾಲ್ಡ್ ಲೆಕ್ಕ ವಾಪಸ್ ಬಾರದ ವಿಮಾನಗಳನ್ನೂ ಸೇರಿಸಿಕೊಂಡಿತ್ತು. ಬಂದವುಗಳ ಇಂಜಿನ್ನಿಗೆ ಏಟು ಕಡಿಮೆ ಕಂಡರೆ, ಇಂಜಿನ್ನಿಗೆ ಏಟು ತಿಂದವು ಬರಲೇ ಇಲ್ಲ ಅಂತ ಅರ್ಥ. 1950ರ ಡಿಸೆಂಬರಿನಲ್ಲಿ ಭಾರತಕ್ಕೆ ಉಪನ್ಯಾಸ ಕೊಡಲು ಬಂದಿದ್ದಾಗ, ನಮ್ಮ ಪಕ್ಕದ ನೀಲಗಿರಿಯಲ್ಲಿ ವಿಮಾನ ಬಿದ್ದೇ ಅವರು ತೀರಿಕೊಂಡರು.

ಲಕ್ಷಣ: "ಮೊದಲ ಸಲ ತಕ್ಷಣ ಗುಣವಾಯಿತು, ಎರಡನೆಯ ಸಲ ಆಗಲಿಲ್ಲ"

ಕಾಗೆ ಕೂತಿದ್ದಕ್ಕೂ ತಾಳೆ ಹಣ್ಣು ಬಿದ್ದಿದ್ದಕ್ಕೂ ಸರಿಹೋಯಿತು, ಕಾಕತಾಳೀಯ. ಇದರಲ್ಲಿ ಒಂದು ಸೂಕ್ಷ್ಮ ಇದೆ. ನಾವು ಹೊಸ ಮದ್ದು ಹುಡುಕುವುದು ನೋವು ತಡೆಯಲಾರದ ದಿನ. ಅತಿ ಕೆಟ್ಟ ದಿನದ ಮಾರನೆಯ ದಿನ ಸಾಮಾನ್ಯವಾಗಿ ಸ್ವಲ್ಪ ವಾಸಿಯೇ ಇರುತ್ತದೆ, ಮದ್ದು ಹಾಕಿದರೂ ಅಷ್ಟೇ, ಬಿಟ್ಟರೂ ಅಷ್ಟೇ. ಮದ್ದು ಹಾಕದ ದಿನಗಳನ್ನೂ ಕ್ಯಾಲೆಂಡರಿನಲ್ಲಿ ಗುರುತು ಮಾಡುತ್ತಾ ಬನ್ನಿ. ತಿಂಗಳಲ್ಲಿ ಬಣ್ಣ ಗೊತ್ತಾಗುತ್ತದೆ. ವೈದ್ಯರು ಕೊಟ್ಟ ಮಾತ್ರೆಯನ್ನು ಮಾತ್ರ ಈ ಪ್ರಯೋಗಕ್ಕೆ ನಿಲ್ಲಿಸಬೇಡಿ.

ಲಕ್ಷಣ: "ಅಲ್ಲಿ ನಿಜ, ಇಲ್ಲಿ ಸುಳ್ಳು"

ಸ್ಯಾಂಪಲ್ ಕಲಕಿಯೇ ತೆಗೆದಿದ್ದೀರಿ, ಬೇಕಾದಷ್ಟೂ ಇದೆ. ಆದರೂ ಜಾಗ ಬದಲಾದರೆ ತೀರ್ಮಾನ ಬೀಳುತ್ತದೆ. ಹೀಗೆ ಬೀಳಿಸುವ, ಕಣ್ಣಿಗೆ ಬೀಳದ ಷರತ್ತಿಗೆ ನಮ್ಮ ನೈಯಾಯಿಕರು (ತರ್ಕಶಾಸ್ತ್ರದ ಪಂಡಿತರು) ಉಪಾಧಿ ಅನ್ನುತ್ತಿದ್ದರು. ಹೊಗೆ ಇದ್ದಲ್ಲಿ ಬೆಂಕಿ ಇದೆ, ಅದು ಸರಿ. ತಿರುಗಿಸಿ, ಬೆಂಕಿ ಇದ್ದಲ್ಲೆಲ್ಲ ಹೊಗೆ ಇದೆ ಅಂದರೆ? ಸೌದೆ ಒಲೆಯ ಅಡುಗೆಮನೆಗಳನ್ನೇ ನೋಡುತ್ತಾ ಹೋದರೆ ನೂರಕ್ಕೆ ನೂರು ನಿಜ ಅನಿಸುತ್ತದೆ. ಕೆಂಪಗೆ ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿ ಇದೆ, ಹೊಗೆ ಇಲ್ಲ ಅಂತ ಅವರು ತೋರಿಸಿದರು. ಹೊಗೆಗೆ ಕಾರಣ ಒದ್ದೆ ಸೌದೆ. ನಾವು ನೋಡಿದ ಕಡೆಯೆಲ್ಲ ಅದು ಇತ್ತು, ಆದ್ದರಿಂದಲೇ ಕಣ್ಣಿಗೆ ಬೀಳಲಿಲ್ಲ.

ಹಾಗಾಗಿ ನಿಮ್ಮ ಉದಾಹರಣೆಗಳನ್ನೆಲ್ಲ ಸಾಲಾಗಿ ಬರೆದು, ಎಲ್ಲದರಲ್ಲೂ ಸುಮ್ನೆ ಜೊತೆಗಿದ್ದದ್ದು ಏನು ಅಂತ ಹುಡುಕಿ. "ನಮ್ಮ ಊರ ನೀರು ಕುಡಿದು ಅಜ್ಜ ತೊಂಬತ್ತು ವರ್ಷ ಬದುಕಿದ್ದರು" ಅನ್ನುವ ಮಾತು ತಗೊಳ್ಳಿ. ಅಜ್ಜ ಕುಡಿದಿದ್ದು ತೆರೆದ ಬಾವಿಯ ನೀರು. ನೀವು ಕುಡಿಯುತ್ತಿರುವುದು ನೂರಾರು ಅಡಿ ಕೆಳಗಿನ ಬೋರಿನ ನೀರು. ಪಾವಗಡ, ಕೋಲಾರದ ಕಡೆ ಆಳದ ನೀರಿನಲ್ಲಿ ಫ್ಲೋರೈಡ್ ಕಾಟ ಎಷ್ಟು ಅಂತ ಅಲ್ಲಿಯವರನ್ನು ಕೇಳಿ. ಊರು ಅದೇ, ನೀರು ಬೇರೆ.

ಲಕ್ಷಣ: "ಇಷ್ಟು ದಿನ ಏನೂ ಆಗಿರಲಿಲ್ಲ"

ಇಲ್ಲಿ ನಿಲ್ಲಿ. ಇದು ಮನೆಯಲ್ಲಿ ರಿಪೇರಿ ಮಾಡುವ ದೋಷ ಅಲ್ಲ.

ಒಂದು ಕೆಲಸ 30 ಸಲ ಮಾಡಿದಿರಿ, ಒಂದು ಸಲವೂ ಅನಾಹುತ ಆಗಲಿಲ್ಲ. ಅಪಾಯ ಸೊನ್ನೆ ಅಂತ ಅನಿಸುತ್ತದೆ. ಸಂಖ್ಯಾಶಾಸ್ತ್ರದವರ ಕೈಲೆಕ್ಕ ಬೇರೆ ಹೇಳುತ್ತದೆ: 3ನ್ನು ಎಷ್ಟು ಸಲ ಮಾಡಿದಿರೋ ಅದರಿಂದ ಭಾಗಿಸಿ. 30 ಸಲ ಅಂದರೆ ಅಪಾಯ ಹತ್ತಕ್ಕೊಂದು ಇದ್ದರೂ ಇರಬಹುದು. 300 ಸಲ ಏನೂ ಆಗದಿದ್ದರೂ ನೂರಕ್ಕೊಂದು ಇರಬಹುದು. ಸ್ಟಾರ್ಟರ್ ಬಾಕ್ಸಿಗೆ ಒದ್ದೆ ಕೈ ಹಾಕುವವರು ಈ ಲೆಕ್ಕ ಒಮ್ಮೆ ನೋಡಬೇಕು.

1986ರ ಜನವರಿ 28ರಂದು ಚಾಲೆಂಜರ್ ಗಗನನೌಕೆ ಒಡೆದು ಏಳು ಜನ ಸತ್ತರು. ರಾಕೆಟ್ಟಿನ ಕೀಲುಗಳಲ್ಲಿದ್ದ ರಬ್ಬರ್ ಉಂಗುರ ಚಳಿಗೆ ಗಡುಸಾಗಿದ್ದು ಕಾರಣ. ಹಿಂದಿನ ರಾತ್ರಿ ಇದರ ಚರ್ಚೆಯೂ ಆಗಿತ್ತು. ಆದರೆ ಉಂಗುರಕ್ಕೆ ಹಾನಿಯಾದ ಉಡಾವಣೆಗಳನ್ನಷ್ಟೇ ಮುಂದಿಟ್ಟುಕೊಂಡರು. ಚಳಿಯಲ್ಲೂ ಹಾನಿ ಇದೆ, ಸೆಕೆಯಲ್ಲೂ ಇದೆ, ಸಂಬಂಧ ಕಾಣಲಿಲ್ಲ. ಹಾನಿಯಾಗದವನ್ನೂ ಸೇರಿಸಿದ್ದರೆ ಚಿತ್ರ ಬೇರೆಯೇ: ಸುಮಾರು 18 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಿದ್ದ ನಾಲ್ಕಕ್ಕೆ ನಾಲ್ಕರಲ್ಲೂ ಹಾನಿ, ಬೆಚ್ಚಗಿದ್ದ 20ರಲ್ಲಿ ಮೂರರಲ್ಲಿ ಮಾತ್ರ. ಅಲ್ಲದೆ ಆವರೆಗಿನ ಅತಿ ತಣ್ಣಗಿನ ಉಡಾವಣೆ ಸುಮಾರು 12 ಡಿಗ್ರಿಯದು. ಆ ಬೆಳಗ್ಗೆ ಸುಮಾರು 2 ಡಿಗ್ರಿ ಇತ್ತು. ಅಷ್ಟು ಚಳಿಯ ಬಗ್ಗೆ ಹೇಳೋಕೆ ಅವರ ಕೈಯಲ್ಲಿ ಒಂದು ಸ್ಯಾಂಪಲ್ಲೂ ಇರಲಿಲ್ಲ.

ಮಳೆಗಾಲದ ಕಾಡಣಬೆ ವಿಷಯಕ್ಕೂ ಇದೇ ಮಾತು. ಹುಳು ತಿಂದಿದ್ದರೆ ನಾವೂ ತಿನ್ನಬಹುದು, ಬೆಳ್ಳಿ ಕಪ್ಪಾಗದಿದ್ದರೆ ವಿಷ ಇಲ್ಲ, ಇವೆಲ್ಲ ಬದುಕಿ ಉಳಿದವರು ಹೇಳುವ ನಿಯಮಗಳು. ನಂಬಬೇಡಿ. ಕೆಲವು ವಿಷದ ಅಣಬೆಗಳಲ್ಲಿ ವಾಂತಿ ಶುರುವಾಗುವುದೇ ಆರು ಗಂಟೆ ಅಥವಾ ಇನ್ನೂ ತಡವಾಗಿ. ನಡುವೆ ಒಂದು ದಿನ ಹುಷಾರಾದ ಹಾಗೂ ಕಾಣುತ್ತದೆ, ಒಳಗೆ ಲಿವರ್ ಹಾಳಾಗುತ್ತಿರುತ್ತದೆ. ಅನುಮಾನ ಬಂದರೆ ಹುಷಾರಾದರೂ ಕಾಯದೆ ಆಸ್ಪತ್ರೆಗೆ ಹೋಗಿ, ಉಳಿದ ಅಣಬೆಯನ್ನು ಕಾಗದದಲ್ಲಿ ಸುತ್ತಿ ಜೊತೆಗೇ ಒಯ್ಯಿರಿ.

ತಿಳಿದವರ ಹತ್ತಿರ ಹೋಗುವಾಗ

ಮಣ್ಣಿಗೆ ರೈತ ಸಂಪರ್ಕ ಕೇಂದ್ರ ಅಥವಾ ಕೃಷಿ ವಿಜ್ಞಾನ ಕೇಂದ್ರ. ಮಣ್ಣನ್ನು ನೆರಳಲ್ಲಿ ಒಣಗಿಸಿ, ಬಟ್ಟೆ ಚೀಲಕ್ಕೆ ಹಾಕಿ, ಗೊಬ್ಬರದ ಖಾಲಿ ಚೀಲಕ್ಕೆ ಮಾತ್ರ ಹಾಕಬೇಡಿ. ಸರ್ವೆ ನಂಬರ್, ಹಿಂದಿನ ಬೆಳೆ, ಮುಂದಿನ ಬೆಳೆ ಬರೆದ ಚೀಟಿ ಒಳಗಿರಲಿ. ಬೋರಿನ ನೀರಾದರೆ ಮೋಟಾರನ್ನು ಕೆಲವು ನಿಮಿಷ ಓಡಿಸಿ, ಪೈಪಿನಲ್ಲಿ ನಿಂತ ನೀರು ಹೋದ ಮೇಲೆ ಹಿಡಿಯಿರಿ. ರೋಗಾಣು ಪರೀಕ್ಷೆಗೆ ಲ್ಯಾಬಿನವರೇ ಕೊಡುವ ಶುದ್ಧ ಬಾಟಲಿ ಬೇಕು, ತಣ್ಣಗಿಟ್ಟು ಅದೇ ದಿನ ತಲುಪಿಸಬೇಕು. ಜ್ಯೂಸಿನ ಹಳೆ ಬಾಟಲಿಯಲ್ಲಿ ಕೊಟ್ಟರೆ ಅವರು ಜ್ಯೂಸಿನ ಬಾಟಲಿಯ ವರದಿ ಕೊಡುತ್ತಾರೆ, ನನಗೆ ತಿಪ್ಪೆಯ ವರದಿ ಕೊಟ್ಟ ಹಾಗೆ. ನೀರನ್ನು ಬೇಸಿಗೆಯಲ್ಲೊಮ್ಮೆ, ಮಳೆಗಾಲ ಮುಗಿದ ಮೇಲೊಮ್ಮೆ ಕೊಡಿ. ಎರಡೂ ವರದಿಗಳ ಮೇಲೆ ತಾರೀಖಿನ ಜೊತೆಗೆ, ಯಾವ ಜಾಗದಿಂದ ಹೇಗೆ ತೆಗೆದದ್ದು ಅಂತ ಪೆನ್ನಲ್ಲಿ ಬರೆದಿಡಿ.